ಕೈಯಲ್ಲ, ಕೇಬಲ್ಲು

ನಮ್ಮನೆಯವರಿಗೆ ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋದ ಮೇಲೆ ನಾನು ದೇವರ ಜೊತೆ ಜಗಳ ಆಡುವುದನ್ನು ಬಿಟ್ಟು ಬೋಟಿನ ಜೊತೆ ಜಗಳ ಆಡತೊಡಗಿದೆ. ವರದಹಳ್ಳಿಯಿಂದ ತೀರ್ಥ ತಂದು ಕುಡಿಸಿದ್ದಾಗಿತ್ತು, ಮನೆದೇವರಿಗೆ ಮುಡಿಪು ಕಟ್ಟಿದ್ದಾಗಿತ್ತು. ದೇವರು ಏನೂ ಹೇಳಲಿಲ್ಲ. ಬೋಟಾದರೂ ಹೇಳೀತು ಅನ್ನುವ ಆಸೆ.

ಬೋಟು ನಮ್ಮದೇ. ಶರಾವತಿ ಹಿನ್ನೀರಿನಲ್ಲಿ, ತುಮರಿಯ ಎದುರು ದಡದಲ್ಲಿ, ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿ ತರುವುದು ನಮ್ಮ ಕೆಲಸ. ಹಿನ್ನೀರಿಗೆ ಸೇತುವೆ ಆದ ಮೇಲೆ ಆಚೆ ದಡಕ್ಕೆ ದಾಟಲು ಲಾಂಚಿಗೆ ಕಾಯುವ ಜನ ಇಲ್ಲವಾದರು, ಆದರೆ ಸೇತುವೆಯನ್ನು ನೀರಿನಿಂದ ನೋಡಬೇಕು ಅನ್ನುವವರು ಹುಟ್ಟಿಕೊಂಡರು. ಬೋಟು ಮಾತ್ರ ಹಳೆಯದು. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುತ್ತಾರಲ್ಲ, ಅಂಥವರನ್ನು ಹಗ್ಗದಲ್ಲಿ ಎಳೆಯುವ ಸ್ಕೀ ಬೋಟು. ಕರಾವಳಿಯ ಯಾವುದೋ ರೆಸಾರ್ಟು ಮುಚ್ಚಿದಾಗ ನಮ್ಮನೆಯವರು ಆಸೆಪಟ್ಟು ತಂದದ್ದು. ನಮ್ಮಲ್ಲಿಗೆ ಬಂದ ಮೇಲೆ ಒಬ್ಬರೂ ಹಲಗೆ ಕಟ್ಟಿಕೊಳ್ಳಲಿಲ್ಲ. ಹಗ್ಗ ಕಟ್ಟುವ ನಡುಗಂಬದ ಮೇಲೆ ನಾನು ಒದ್ದೆ ಟವೆಲ್ ಒಣಗಿಸುತ್ತಿದ್ದೆ.

ಆ ಬೋಟಿನಲ್ಲಿ ಬಲಗೈಗೆ ಥ್ರಾಟಲ್, ಅಂದರೆ ವೇಗದ ಹಿಡಿಕೆ, ಎಡಗೈಗೆ ಸ್ಟೇರಿಂಗ್ ಚಕ್ರ. ದಡಕ್ಕೆ ತರುವಾಗ ಎರಡೂ ಕೈ ಒಟ್ಟಿಗೇ ಕೆಲಸ ಮಾಡಬೇಕು. ಡ್ಯಾಮು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆಗಳು ನಮ್ಮ ದಡದ ಹತ್ತಿರ ಎಲ್ಲೆಂದರಲ್ಲಿ ನಿಂತಿವೆ. ಅವುಗಳ ಮಧ್ಯೆ ನಮ್ಮನೆಯವರು ಮಾತಾಡುತ್ತಾ, ನಗುತ್ತಾ, ಎಡಗೈಯಲ್ಲಿ ಚಕ್ರವನ್ನು ಸವರಿದ ಹಾಗೆ ಮಾಡಿ ಬೋಟು ತರುತ್ತಿದ್ದರು. ಅವರಿಗೆ ಅದು ಬಿಟ್ಟು ಬೇರೆ ಏನೂ ಬೇಕಾಗಿರಲಿಲ್ಲ.

ಭತ್ತದ ಕೊಯ್ಲಿನ ಹೊತ್ತಿಗೆ ಸ್ಟ್ರೋಕ್ ಆಯಿತು. ಕಾಲು ನಿಧಾನಕ್ಕೆ ಬಂತು, ಮಾತೂ ಬಂತು. ನೋಡಲು ಬಂದ ನೆಂಟರು ಹಣ್ಣಿನ ಚೀಲ ಕೆಳಗಿಟ್ಟು, "ಪಾಪ, ಹೆಂಗಿದ್ದ ಮನುಷ್ಯ" ಅನ್ನುತ್ತಿದ್ದರು. ಬದುಕಿರುವವರ ಎದುರೇ ಕೂತು 'ಇದ್ದ' ಅನ್ನುವ ಜನ! ಒಬ್ಬಿಬ್ಬರಿಗೆ ನಾನು ಹಣ್ಣಿನ ಸಮೇತ ಬಾಗಿಲು ತೋರಿಸಿದ್ದೂ ಉಂಟು. ಆದರೆ ಅವರೆಲ್ಲ ಎದ್ದುಹೋದ ಮೇಲೆ ಇವರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದು ದಿನ ಗಂಜಿಯ ತಟ್ಟೆ ಪಕ್ಕಕ್ಕೆ ತಳ್ಳಿ, "ಬೋಟ್ ಬಿಡಕ್ಕಾಗ್ದಿದ್ರೆ ನನ್ನ ಯಾಕೆ ಉಳಿಸ್ಕಂಡ್ರಿ?" ಅಂದರು. ನಾನು ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ನಡೆಯಲು ಬಂದ ಮೇಲೆ ಹಟ ಹಿಡಿದು ದಡಕ್ಕೆ ಬಂದರು. ಬೋಟು ಹತ್ತಿಸಿ ಕೂರಿಸಿದೆ. ಎಡಗೈಯನ್ನು ಬಲಗೈಯಿಂದ ಎತ್ತಿ ಚಕ್ರದ ಮೇಲೆ ಇಟ್ಟುಕೊಂಡರು. ಚಕ್ರ ಜಪ್ಪಯ್ಯ ಅನ್ನಲಿಲ್ಲ. ಅವರು ತಿರುಗಿ ನನ್ನನ್ನು ನೋಡಿ, "ಕೈಯಲ್ಲ ಮಾರಾಯ್ತಿ, ಕೇಬಲ್ಲು. ನಿಂತೂ ನಿಂತೂ ಬಿಗಿ ಆಗಿದೆ" ಅಂದರು.

ಸ್ಟೇರಿಂಗಿನಿಂದ ಹಿಂದಿನ ಇಂಜಿನ್ನಿನವರೆಗೆ ಬೋಟಿನ ಪಕ್ಕೆಯೊಳಗೆ ದಪ್ಪನೆಯ ಕೇಬಲ್ ಒಂದು ಹೋಗುತ್ತದೆ. ಅದರ ತುದಿಗೆ ಕಬ್ಬಿಣದ ಸರಳು. ಚಕ್ರ ತಿರುಗಿಸಿದರೆ ಆ ಸರಳು ಇಂಜಿನ್ನಿನ ಕೊಳವೆಯೊಳಗೆ ಹಿಂದೆ ಮುಂದೆ ಓಡಾಡಿ ಇಂಜಿನ್ನನ್ನೇ ತಿರುಗಿಸುತ್ತದೆ. ನಾನು ಚಕ್ರಕ್ಕೆ ಕೈ ಹಾಕಿದೆ. ಗದ್ದೆ ನೆಟ್ಟ ಕೈ ನನ್ನದು, ಆದರೂ ಎರಡೂ ಕೈ ಸೇರಿಸಿ ಎಳೆದಾಗ ಒಂದಿಷ್ಟು ಮಿಸುಕಿತು, ಅಷ್ಟೆ. ಅಯ್ಯೋ, ನನಗಾದ ಸಂತೋಷ ಹೇಳತೀರದು! ನನಗೂ ಆಗುತ್ತಿಲ್ಲ! ಹಾಗಾದರೆ ಇದು ನಿಜವಾಗಿಯೂ ಕೇಬಲ್ಲೇ!

ಜೋಗದಲ್ಲಿ ಕೆಲಸಕ್ಕಿರುವ ನನ್ನ ತಮ್ಮನಿಗೆ ಫೋನ್ ಮಾಡಿ ಕರೆಸಿದೆ. ಅವನು ಚಕ್ರ ತಿರುಗಿಸಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕ, ಸುಮ್ನೆ ಆಸೆ ಇಟ್ಕಬೇಡ. ಕೇಬಲ್ ಬಿಗಿ ಇರೋದು ಹೌದು. ಆದ್ರೆ ಭಾವಂಗೆ ಅಂಗಿ ಗುಂಡಿ ಹಾಕಕ್ಕೂ ಆಗ್ತಿಲ್ಲ. ಅದಕ್ಯಾವ ಕೇಬಲ್ಲು?"

"ನಿನ್ನ ಬಾಯಿಗೆ ಹುಳ ಬೀಳ! ಸ್ಪ್ಯಾನರ್ ತಗಂಡು ಬಾ ಅಂದ್ರೆ ಪುರಾಣ ತಂದ್ಯಾ?" ಅಂದೆ. ಅವನು ಸತ್ಯ ಹೇಳುತ್ತಿದ್ದಾನೆ ಅಂತ ಮನಸ್ಸಿಗೆ ಗೊತ್ತಾಗಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಹಿಂದಿನ ನಟ್ಟು ಬಿಚ್ಚಿದೆವು. ಸರಳು ಕೊಳವೆಯಿಂದ ಹೊರಗೆ ಬರಲೇ ಇಲ್ಲ. ಸೀಮೆಎಣ್ಣೆ ಬಿಟ್ಟು ಕಾದೆವು, ಮರದ ತುಂಡು ಇಟ್ಟು ಸುತ್ತಿಗೆಯಿಂದ ಬಡಿದೆವು. ತಮ್ಮ ಬಡಿದು ಸುಸ್ತಾದಾಗ ನಾನು ಬಡಿದೆ. ಬೋಟನ್ನು ಮಾರಿದವನಿಗೆ, ಮಾಡಿದವನಿಗೆ, ಅವರಪ್ಪನಿಗೆ, ಎಲ್ಲರಿಗೂ ಬೈದೆ. ದಡದ ಕಲ್ಲಿನ ಮೇಲೆ ಕೂತ ನಮ್ಮನೆಯವರು, "ಮೆಲ್ಲಗೆ ಹೊಡಿ, ಇಂಜಿನ್ ಅದು, ಕಳ್ಳ ಅಲ್ಲ" ಅನ್ನುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ತಮಾಷೆ ಬಂತು. ಇನ್ನೂ ಜೋರಾಗಿ ಬಡಿದೆ.

ಕಡೆಗೆ ಸರಳು ಕಿತ್ತುಕೊಂಡು ಬಂತು. ಮೈಯೆಲ್ಲ ಕೆಂಪು. ಮೊದಲು ತುಕ್ಕು ಅಂದುಕೊಂಡೆವು. ಉಗುರಿನಿಂದ ಕೆರೆದರೆ ಮಣ್ಣು! ನಮ್ಮ ಕಡೆ ದೀಪಾವಳಿಯಲ್ಲಿ ಅನ್ನ ಕೊಡುವ ಕಬ್ಬಿಣಕ್ಕೆಲ್ಲ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಜೇಡಿಯ ಗೆರೆ ಎಳೆಯುತ್ತೇವೆ. ಗುದ್ದಲಿ, ಕತ್ತಿ, ನೇಗಿಲು, ಈಗೀಗ ಟಿಲ್ಲರ್ರು, ಬೈಕು, ಯಾವುದನ್ನೂ ಬಿಡುವುದಿಲ್ಲ. ಸ್ಟ್ರೋಕಿಗೆ ಮುಂಚಿನ ದೀಪಾವಳಿಯಲ್ಲಿ ಬೋಟಿಗೂ ಬಳಿದದ್ದು ನಮ್ಮನೆಯವರೇ. ಬೋಟಿಗೆಲ್ಲ ಬಳಿದ ಮೇಲೆ, ಹಿಂಬದಿಯಲ್ಲಿ ಫಳಫಳ ಹೊಳೆಯುತ್ತಿದ್ದ ಆ ಸರಳು ಕಣ್ಣಿಗೆ ಬಿದ್ದು, ಪಾಪ ಇದೊಂದು ಯಾಕೆ ಬರಿಮೈಯಲ್ಲಿರಬೇಕು ಅಂತ ಅದಕ್ಕೂ ಭಕ್ತಿಯಿಂದ ದಪ್ಪಗೆ ಹಚ್ಚಿದ್ದಾರೆ. ಬೋಟು ಓಡಿಸಿದಂತೆಲ್ಲ ಮಣ್ಣು ಗ್ರೀಸಿನ ಜೊತೆ ಕಲಸಿಕೊಂಡು ಕೊಳವೆಯೊಳಗೆ ಹೋಗಿದೆ. ಆಮೇಲೆ ಬೋಟು ನಿಂತೇ ಇದ್ದದ್ದರಿಂದ ಒಣಗಿ ಗಾರೆಯಾಗಿದೆ.

ಸರಳನ್ನು ಎತ್ತಿಕೊಂಡು ದಡಕ್ಕೆ ಓಡಿದೆ. "ನೋಡ್ರಿ, ಕೆಮ್ಮಣ್ಣು! ನಿಮ್ಮ ಕೈಯಲ್ಲ! ನೀವೇ ಮಣ್ಣು ಮೆತ್ತಿ ಹಾಳು ಮಾಡಿದ್ದು, ನಿಮ್ಮ ಕೈಯಲ್ಲ!"

ಅವರು ನಕ್ಕರು. ಬಾಯಿ ಒಂದು ಕಡೆಗೆ ಸೊಟ್ಟಗೆ ಹೋಯಿತು, ಆದರೂ ನಕ್ಕರು. "ನಾ ಹೇಳ್ಲಿಲ್ವಾ?" ಅಂದರು. ಅವತ್ತು ಮೀನಿನ ಸಾರಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಹೊಸ ಕೇಬಲ್ ಕರಾವಳಿಯ ದೋಣಿ ಸಾಮಾನಿನ ಅಂಗಡಿಯಿಂದ ಸಾಗರಕ್ಕೆ ಬಸ್ಸಿನಲ್ಲಿ ಬಂತು. ಹಳೆಯದನ್ನು ಪಕ್ಕೆಯೊಳಗಿಂದ ಎಳೆಯುವಾಗ ಅದರ ತುದಿಗೆ ನೈಲಾನ್ ದಾರ ಕಟ್ಟಿದ್ದೆವು. ಅದೇ ದಾರಕ್ಕೆ ಹೊಸದನ್ನು ಕಟ್ಟಿ ಒಳಗೆ ಎಳೆದುಕೊಂಡೆವು. ಕೋಲಿಗೆ ಬಟ್ಟೆ ಸುತ್ತಿ ಕೊಳವೆಯನ್ನು ತಿಕ್ಕಿ ತಿಕ್ಕಿ ತೊಳೆದೆ, ಹೊಸ ಗ್ರೀಸ್ ಹಚ್ಚಿದೆ. ಎಲ್ಲ ಬಿಗಿದ ಮೇಲೆ ಚಕ್ರಕ್ಕೆ ಒಂದು ಬೆರಳು ಕೊಟ್ಟೆ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತಿರುಗಿತು. ಹಿಂದೆ ಇಂಜಿನ್ನು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ನಾನು ಯಾರ ಹತ್ತಿರವೂ ಹೇಳದೆ ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದೆ.

ಮಾರನೇ ದಿನ ಬೆಳಿಗ್ಗೆ ನಮ್ಮನೆಯವರು ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಸಿಕೊಂಡರು. ಮೂವರೂ ಬೋಟು ಹತ್ತಿದೆವು. ತಮ್ಮ ಕೋಲು ಊರಿ ಬೋಟನ್ನು ಬೊಡ್ಡೆಗಳಿಂದ ಆಚೆ ತಳ್ಳಿದ. ತೆರೆದ ನೀರಿನಲ್ಲಿ ಇವರು ಬಲಗೈಯಿಂದ ಥ್ರಾಟಲ್ ಒತ್ತಿದರು, ನೇರ ಹೋದೆವು. ಗಾಳಿಗೆ ಅವರ ಕೂದಲು ಹಾರುತ್ತಿತ್ತು. ಆಚೆ ಕಡೆ ತಿರುಗುವಾಗ ಥ್ರಾಟಲ್ ಬಿಟ್ಟು ಬಲಗೈಯಲ್ಲೇ ಚಕ್ರ ತಿರುಗಿಸಿದರು. ಇರಲಿ, ಮೊದಲ ದಿನ ಅಲ್ಲವೇ ಅಂದುಕೊಂಡೆ.

ವಾಪಸ್ಸು ದಡ ಹತ್ತಿರವಾಯಿತು. ಬಲಗೈ ಥ್ರಾಟಲ್ ಮೇಲೆ ಹೋಯಿತು. ಎಡಗೈಯನ್ನು ಆಗಲೇ ಎತ್ತಿ ಚಕ್ರದ ಮೇಲೆ ಇಟ್ಟುಕೊಂಡಿದ್ದರು. ಎದುರಿಗೇ ದೊಡ್ಡದೊಂದು ಬೊಡ್ಡೆ.

"ಭಾವ, ಎಡಕ್ಕೆ. ಎಡಕ್ಕೆ ತಗಳಿ."

ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು. ಹಣೆಯಲ್ಲಿ ಬೆವರು ಇಳಿಯಿತು, ಕತ್ತಿನ ನರ ಉಬ್ಬಿತು, ಭುಜ ನಡುಗಿತು. ಬೆರಳುಗಳು ಮಾತ್ರ ಚಕ್ರವನ್ನು ಹಿಡಿಯಲಿಲ್ಲ. ತಿರುಗು, ತಿರುಗು, ನಿನ್ನ ಕಾಲಿಗೆ ಬೀಳ್ತೀನಿ, ತಿರುಗು ಅಂತ ನಾನು ಆ ಕೈಯನ್ನು ಒಳಗೊಳಗೇ ಬೇಡಿದೆ. ಕೈ ಮೆಲ್ಲಗೆ ಜಾರಿ ತೊಡೆಯ ಮೇಲೆ ಬಿತ್ತು. ಅವರು ಥ್ರಾಟಲನ್ನು ಪೂರ್ತಿ ಹಿಂದಕ್ಕೆ ಎಳೆದರು. ಬೋಟು ಬೊಡ್ಡೆಗೆ ಇನ್ನೇನು ತಾಗುವಷ್ಟು ಹತ್ತಿರ ಹೋಗಿ ತೇಲುತ್ತಾ ನಿಂತಿತು.

"ಇನ್ನೂ ಬಿಗಿ ಇದೆ" ಅಂದರು, ನನ್ನ ಮುಖ ನೋಡದೆ.

ತಮ್ಮ ಏನೋ ಹೇಳಲು ಬಾಯಿ ತೆರೆದ. ಅವನ ಪಾದದ ಮೇಲೆ ನನ್ನ ಹಿಮ್ಮಡಿ ಇಟ್ಟು ಒತ್ತಿದೆ. ನನ್ನ ನಾಲಿಗೆಗೆ ಊರೇ ಹೆದರುತ್ತದೆ. ಮದುವೆಯಾದಂದಿನಿಂದ ಈ ಮನುಷ್ಯನ ಒಂದು ಸುಳ್ಳನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ.

"ಹೌದು, ಬಿಗಿನೇ ಇದೆ" ಅಂದೆ. "ಹೊಸ ಕೇಬಲ್ ಅಲ್ವಾ, ಪಳಗ್ಬೇಕು. ಸ್ವಲ್ಪ ಸರೀರಿ, ನಾ ನೋಡ್ತೀನಿ."

ಅವರು ಬಲಗೈಯನ್ನು ಥ್ರಾಟಲ್ ಮೇಲೆಯೇ ಇಟ್ಟುಕೊಂಡು ಸರಿದು ಜಾಗ ಕೊಟ್ಟು, ಅದನ್ನು ಮೆಲ್ಲಗೆ ಒತ್ತಿದರು. ಒಂದು ಬೆರಳಿಗೆ ತಿರುಗುವ ಆ ಚಕ್ರವನ್ನು ನಾನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಅವರಿಗೆ ಕೇಳುವ ಹಾಗೆ ಏದುಸಿರು ಬಿಡುತ್ತಾ, ದಡ ಮುಟ್ಟುವವರೆಗೂ ತಿರುಗಿಸಿದೆ.