ಇಸ್ಫಹಾನಿನ ಗೋಡೆಯ ನೀಲಿ ಟೈಲು

ನಡೆದದ್ದು ಇಷ್ಟೇ: ಮಾಹೀನ್ ಆ ನೀಲಿ ಟೈಲನ್ನು ನನಗೆ ಕೊಡಲಿಲ್ಲ, ನಾನೇ ಎತ್ತಿಕೊಂಡು ಬಂದೆ. ಆಕೆ ತೆಗೆದುಕೋ ಎಂದದ್ದು ನಿಜ, ನಾನು ಸೆರಗಿನಲ್ಲಿ ಸುತ್ತಿಕೊಂಡದ್ದೂ ನಿಜ. ಆದರೂ ಅದು ಕೊಟ್ಟದ್ದಲ್ಲ. ಹೇಗೆಂದು ಕೇಳಿ.

ಮಾಹೀನ್ ಇರಾನಿನ ಇಸ್ಫಹಾನ್ ಊರಿನವಳು. ಅಮೆರಿಕದ ರೌಂಡ್ ರಾಕ್‌ನಲ್ಲಿ ನನ್ನ ಮಗಳು ಶೋಭಾಳ ಪಕ್ಕದ ಮನೆ, ನನ್ನ ವಾರಗೆಯವಳೇ. ನಾನು ಬೀದರಿನವಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಬೀದರಿನ ಓಣಿಯಲ್ಲಿ ಬೆಳೆದವರಿಗೆ ಉರ್ದು ತಾನಾಗಿಯೇ ಹತ್ತುತ್ತದೆ. ಆಕೆಯ ಫಾರಸಿಯಲ್ಲಿ ದರವಾಜಾ, ಬಾಜಾರ, ಗುಂಬಜ ಎಂಬ ಪರಿಚಯದ ಮಾತು ಸಿಕ್ಕರೆ ಹಿಡಿದುಕೊಳ್ಳುತ್ತೇನೆ. ಉಳಿದದ್ದನ್ನು ಫೋನು ಕನ್ನಡಕ್ಕೆ ತಿರುಗಿಸಿ ಓದುತ್ತದೆ.

ಈ ಊರಿನ ಮನೆಗಳನ್ನು ನಾನು ಎಂದೂ ನಂಬಿದವಳಲ್ಲ. ಎದುರಿಗೆ ಕಲ್ಲಿನ ಗೋಡೆ ಕಾಣುತ್ತದೆ, ಒಳಗಿನಿಂದ ಬಡಿದರೆ ಡಬ್ಬಿಯ ಸದ್ದು. ನನ್ನ ಯಜಮಾನರು ಗೌಂಡಿ. ಬೀದರಿನ ಹಳೆಯ ಮದರಸಾದ ದುರಸ್ತಿಯಲ್ಲಿ ವರ್ಷಗಟ್ಟಲೆ ಗಾರೆ ಕಲಸಿದವರು. ಆ ಮದರಸಾದ ಅರ್ಧ ಭಾಗ ಯಾವ ಕಾಲದಲ್ಲೋ ಮದ್ದು ಸಿಡಿದು ಹಾರಿಹೋಯಿತಂತೆ. ಉಳಿದ ಮಿನಾರಿನ ಮೈಮೇಲೆ ಅಲ್ಲಲ್ಲಿ ನೀಲಿ ಟೈಲು, ಉಳಿದೆಡೆ ಬೋಳು ಕಲ್ಲು. ಅದನ್ನು ಇರಾನಿನ ಕಸಬುದಾರರು ಮಾಡಿದರೆಂದು ಊರು ತೋರಿಸುವವರು ಪ್ರವಾಸಿಗರಿಗೆ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಮಾಡಿರಬಹುದು. ಆದರೆ ಸುಣ್ಣ ಅರೆದವರು, ನೀರು ಹೊತ್ತವರು ಯಾರು ಎಂದು ಒಬ್ಬನೂ ಹೇಳಲಿಲ್ಲ.

ಮಾಹೀನ್ ಆ ದಿನ ಚಹಾ ಕೊಟ್ಟು ಫೋಟೋಗಳ ಆಲ್ಬಮ್ ಬಿಚ್ಚಿದಳು. ಊರಿನಷ್ಟು ದೊಡ್ಡ ಚೌಕ, ಮೂವತ್ತಮೂರು ಕಮಾನಿನ ಸೇತುವೆ, ಮರುಭೂಮಿಯಲ್ಲಿ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರಗಳು. ಒಂದು ಚಿಕ್ಕ ಮಸೀದಿಯ ಗುಂಬಜ ತೋರಿಸಿ, ಬಿಸಿಲು ತಿರುಗಿದಂತೆ ಕೆನೆಬಣ್ಣದಿಂದ ಗುಲಾಬಿಗೆ ಹೊರಳುತ್ತದೆ, ಸತ್ತರೂ ಇದನ್ನು ನೋಡಿಯೇ ಸಾಯಬೇಕು ಎಂದಳು. ನಮ್ಮ ಬೀದರಿನ ಗುಂಬಜಗಳು ಇಟ್ಟ ಬಣ್ಣದಲ್ಲೇ ಇರುತ್ತವೆ ಎಂದೆ. ಸೇತುವೆಯ ಕೆಳಗೆ ನೀರಿರಲಿಲ್ಲ. ಹೊಳೆ ಎಲ್ಲಿ ಎಂದರೆ, ಬಹಳ ದಿನ ಒಣಗಿಯೇ ಇರುತ್ತದೆ ಎಂದಳು. ಹಾಗಾದರೆ ನಡೆದೇ ದಾಟಬಹುದಲ್ಲ, ಕಮಾನು ಯಾಕೆ ಎಂದೆ. ಫೋನು ಅದನ್ನೂ ಫಾರಸಿಗೆ ತಿರುಗಿಸಿ ಓದಿತು. ಆಕೆ ಮತ್ತೆ ಚಹಾ ಬಗ್ಗಿಸಿದಳು.

ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂದು ಕಪಾಟಿನ ಮೇಲಿದ್ದ ನೀಲಿ ಟೈಲು ತೋರಿಸಿ, ಚೆನ್ನಾಗಿದೆ ಎಂದೆ. ಆಕೆ ಥಟ್ಟನೆ ಎದ್ದು ಅದನ್ನು ನನ್ನ ಮಡಿಲಿಗಿಟ್ಟು "ಪೇಶ್ಕಶ್" ಎಂದಳು. ಕಾಣಿಕೆ! ನಮ್ಮ ಕಡೆ ಮನೆಗೆ ಬಂದ ಹೆಂಗಸಿನ ಮಡಿಲಿಗಿಟ್ಟದ್ದನ್ನು ಬೇಡ ಎಂದರೆ ಇಟ್ಟವರ ಮುಖಕ್ಕೆ ಹೊಡೆದಂತೆ. ತೆಗೆದುಕೊಂಡೆ. ಹತ್ತು ಹೆಜ್ಜೆಯ ದಾರಿಯುದ್ದಕ್ಕೂ ಸಂಶಯ: ಇಷ್ಟು ಸಲೀಸಾಗಿ ಕೊಟ್ಟಳೆಂದರೆ, ಒಂದೋ ಇದು ಬಾಜಾರದ ಖೋಟಾ ಮಾಲು, ಇಲ್ಲವೋ ನನ್ನಿಂದ ಏನೋ ಆಗಬೇಕಾಗಿದೆ. ಮನೆಗೆ ಬಂದವಳೇ ಚಾಕುವಿನ ತುದಿಯಿಂದ ಹಿಂಬದಿ ಕೆರೆದೆ. ಬೂದುಬಣ್ಣದ ಪುಡಿ ಉದುರಿತು. ಹಳೆಯ ಗಾರೆ. ಅಂಗಡಿಯ ಟೈಲಿಗೆ ಗಾರೆ ಎಲ್ಲಿಂದ ಬರಬೇಕು? ಇದು ಗೋಡೆಯಿಂದ ಬಿಡಿಸಿ ತಂದದ್ದು.

ಅಷ್ಟರಲ್ಲಿ ಶೋಭಾ ಬಂದಳು.

"ಅವ್ವಾ, ಇದನ್ನ ಯಾಕ ತಂದಿ?"

"ಆಕಿನೇ ಕೊಟ್ಟಳು. ನಾ ಏನೂ ಕೇಳಿಲ್ಲ."

"ಅವರ ರೀತೀನ ಹಂಗ. ಅವರು ತಗೋ ಅಂದ್ರ ನಾವು ಬ್ಯಾಡ ಅನಬೇಕು. ಮತ್ತ ತಗೋ ಅಂದ್ರ ಮತ್ತ ಬ್ಯಾಡ. ನಮ್ಮ ಆಫೀಸಿನ ಟೀಮಿನ್ಯಾಗ ಅವರ ಕಡಿಯಾಕಿ ಒಬ್ಬಾಕಿ ಇದ್ದಾಳ, ಸ್ಕಾರ್ಫ್ ಛಂದ ಅದ ಅಂದ್ರ ಕೊಳ್ಳಾಗಿಂದ ತಗದು ಕೈಯಾಗ ಇಡತಾಳ. ಯಾರೂ ಇಸಗೊಳ್ಳಂಗಿಲ್ಲ!"

"ಕೊಡೋ ಮನಸ್ಸಿಲ್ಲಂದ್ರ ತಗೋ ಅನ್ನೋದು ಯಾಕ?"

"ನೀ ಹೊಟ್ಟಿ ತುಂಬಿದವರಿಗೆ ಇನ್ನೊಂದು ರೊಟ್ಟಿ ಹಾಕಲೇನು ಅಂತಿಯಲ್ಲ, ಅದು ಯಾಕ?" ಎಂದವಳು ಟೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಅದು ಆಕಿ ತವರುಮನಿ ಗೋಡಿದು ಅವ್ವಾ. ಮನಿ ಕೆಡವಿ ರಸ್ತೆ ಮಾಡ್ಯಾರಂತ. ಅಷ್ಟ ಉಳದದ ಆಕಿಗೆ."

ನೋಡಿ, ಗುಂಬಜ ಬಣ್ಣ ಬದಲಿಸುತ್ತದೆಯೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಈ ಮೊಣಕಾಲು ಹೊತ್ತುಕೊಂಡು ನಾನೆಲ್ಲಿ ಹೋಗಿ ನೋಡಲಿ. ಹೋಗುವ ಶಕ್ತಿಯಿದ್ದವರು ಹೋಗಿ ಬನ್ನಿ. ಬೀದರಿಗೂ ಹೋಗಿ. ಆದರೆ ನೀಲಿಯನ್ನಷ್ಟೇ ನೋಡಿ ಬರಬೇಡಿ. ನೀಲಿ ಉದುರಿಹೋದ ಜಾಗದಲ್ಲಿ ಗಾರೆಯ ಮೇಲೆ ಟೈಲಿನ ಚೌಕದ ಗುರುತು ಹಾಗೆಯೇ ನಿಂತಿರುತ್ತದೆ, ಅದಕ್ಕೆ ಕೈಯಿಟ್ಟು ಬನ್ನಿ. ಅರಮನೆ, ಮಸೀದಿಗಳಿಗಾದರೆ ದುರಸ್ತಿಗೆ ಸರಕಾರವಿದೆ, ಹೊಗಳುವುದಕ್ಕೆ ಜನರಿದ್ದಾರೆ. ಒಬ್ಬಳ ತವರುಮನೆಗೆ ಯಾರಿದ್ದಾರೆ? ಅವಳ ಕಪಾಟಿನ ಮೇಲಿದ್ದ ಅದೊಂದನ್ನೂ ನಾನು ಎತ್ತಿಕೊಂಡು ಬಂದಿದ್ದೆ. ಅದೂ ಖೋಟಾ ಎಂದು ಕೆರೆದು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾಹೀನಳ ಬಾಗಿಲು ಬಡಿದೆ. ಎಷ್ಟು ಸಲ ಬೇಡ ಎನ್ನುತ್ತಾಳೋ ಅಷ್ಟು ಸಲ ಚಾಚಲು ಸಿದ್ಧಳಾಗಿಯೇ ಹೋಗಿದ್ದೆ. ಟೈಲನ್ನು ಬೋರಲು ಮಾಡಿ, ಚಾಕುವಿನ ಗೀರು ತೋರಿಸಿ, ನಿನ್ನ ಮೇಲೆ ಸಂಶಯ ಬಂದಿತ್ತು ಎಂದು ಫೋನಿಲ್ಲದೆ ಉರ್ದುವಿನಲ್ಲೇ ಹೇಳಿದೆ, ಸಂಶಯಕ್ಕೆ ಶಕ್ ಎಂಬ ಮಾತು ಎರಡೂ ಕಡೆ ಒಂದೇ. ಆಕೆ ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಎರಡೂ ಕೈಯಿಂದ ಇಸಿದುಕೊಂಡಳು. ಒಂದು ಸಲವೂ ಬೇಡ ಎನ್ನಲಿಲ್ಲ.