ಎಂಟು ಸಾವಿರದ ಕುಂಬಳಕಾಯಿ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಒಂದು ಸಿಹಿಗುಂಬಳಕಾಯಿ ನನ್ನ ಮಾನ ಕಳೆಯಿತು. ಮೂರು ದಿನವಾಯಿತು, ಆಘಾತ ಇನ್ನೂ ಇಳಿದಿಲ್ಲ. ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಲಿ? (ಹೆಂಡತಿ ಗ್ರೇಸಿ ಕೇಳಿಸಿಕೊಳ್ಳುವ ಮೂಡ್‌ನಲ್ಲಿಲ್ಲ.)

ನನ್ನ ನಾಲ್ಕು ಕವರುಗಳ ಕಥೆ ನಿಮಗೆ ಗೊತ್ತೇ ಇದೆ. ಹೊಸಬರಿಗಾಗಿ ಇನ್ನೊಮ್ಮೆ. ಸಂಬಳ ಬಂದ ದಿನವೇ ಹತ್ತರಲ್ಲೊಂದು ಪಾಲು ದೇವರಿಗೆ, ಅದು ಮೊದಲ ಕವರ್. ಆಮೇಲೆ ಮನೆಖರ್ಚು, ಉಳಿತಾಯ, ದಾನ. ದುಡ್ಡು ನಮ್ಮದಲ್ಲ, ದೇವರದ್ದು. ನಾವು ಅದನ್ನು ನೋಡಿಕೊಳ್ಳುವ ಮನೆವಾರ್ತೆಯವರು ಅಷ್ಟೆ. ನಮ್ಮ ಚರ್ಚ್‌ನಲ್ಲಿ ಹೊಸದಾಗಿ ಮದುವೆಯಾದವರಿಗೆ ಇದನ್ನು ಕ್ಲಾಸ್ ತೆಗೆದುಕೊಂಡು ಹೇಳಿಕೊಡುವವನೂ ನಾನೇ. ಬೋರ್ಡು, ಮಾರ್ಕರ್ ಎಲ್ಲ ಇಟ್ಟುಕೊಂಡು.

ಶನಿವಾರ ಗೌರಮ್ಮ ಕೆಲಸ ಮುಗಿಸಿ ನನ್ನ ಮುಂದೆ ನಿಂತರು. ಹೆಗ್ಗನಹಳ್ಳಿಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಆರು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದಾರೆ.

"ಸಾರ್, ಮಗಳ ಪರೀಕ್ಷೆ ಫೀಸು. ಸೋಮವಾರ ಲಾಸ್ಟ್ ಡೇಟಂತೆ. ನಾಲ್ಕು ಸಾವಿರ ಅಡ್ವಾನ್ಸ್ ಕೊಟ್ಟಿದ್ರೆ... ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್."

ದಾನದ ಕವರ್ ಖಾಲಿಯಾಗಿತ್ತು. ಉಳಿತಾಯದ ಕವರ್ ಮುಟ್ಟುವಂತಿಲ್ಲ, ಅದು ನನ್ನದೇ ರೂಲು. "ಈ ತಿಂಗಳು ಆಗಲ್ಲ ಗೌರಮ್ಮ," ಅಂದೆ. ಅಷ್ಟಕ್ಕೆ ಬಾಯಿ ಮುಚ್ಚಬಾರದಿತ್ತೇ? "ತಿಂಗಳು ತಿಂಗಳು ಸ್ವಲ್ಪ ಎತ್ತಿಡಬೇಕಮ್ಮ. ಪ್ಲ್ಯಾನಿಂಗ್ ಇರ್ಬೇಕು," ಎಂದು ಪುಕ್ಕಟೆ ಕ್ಲಾಸ್ ಬೇರೆ ತೆಗೆದುಕೊಂಡೆ. ಅವರು ತಲೆಯಾಡಿಸಿದರು. ನಾನು ಸ್ನಾನಕ್ಕೆ ಹೋದೆ.

ಭಾನುವಾರ ಚರ್ಚ್‌ನಲ್ಲಿ ಸುಗ್ಗಿ ಹಬ್ಬ. ಬೆಳೆ ಕೊಟ್ಟ ದೇವರಿಗೆ ಮೊದಲ ಫಲ ಒಪ್ಪಿಸುವ ದಿನ. ನಮ್ಮ ಚರ್ಚ್ ಇರುವ ರಾಜಾಜಿನಗರದಲ್ಲಿ ಈಗ ಯಾರು ಬೆಳೆ ಬೆಳೆಯುತ್ತಾರೆ ಅಂತೀರಾ? ಆದರೂ ಬಾಳೆಗೊನೆ, ತೆಂಗಿನಕಾಯಿ, ಕೋಳಿ, ಕೇಕು ಎಲ್ಲ ಬರುತ್ತವೆ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಹಾಕುತ್ತಾರೆ, ದುಡ್ಡು ಚರ್ಚ್‌ಗೆ. ಒಂದು ನಿಂಬೆಹಣ್ಣು ಐನೂರಕ್ಕೆ ಹೋದರೂ ನಮ್ಮಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಒಂದು ಸಿಹಿಗುಂಬಳವನ್ನು ಮೇಲೆತ್ತಿ ತೋರಿಸಿದರು. ಒಂದು ಮಗ್ಗುಲು ಚಪ್ಪಟೆ, ಅದರ ಮೇಲೆ ಉದ್ದುದ್ದ ಗೆರೆ. ಸುಮ್ಮನೆ ಇನ್ನೂರು ಅಂದೆ. ಹಿಂದಿನ ಸಾಲಿನಿಂದ ಹಾರ್ಡ್‌ವೇರ್ ಅಂಗಡಿಯ ಸ್ಯಾಮ್ಸನ್ ಐನೂರು ಅಂದ. ಹೋದ ವರ್ಷ ಒಂದು ಹುಂಜಕ್ಕಾಗಿ ನನ್ನನ್ನು ಸೋಲಿಸಿದ್ದವನು ಇದೇ ಸ್ಯಾಮ್ಸನ್. ಬಿಡುವುದುಂಟೇ? ಸಾವಿರ, ಎರಡು, ಮೂರು, ಐದು. ಯಾರೋ ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದರು. ನಾನು ಎಂಟು ಸಾವಿರ ಅಂದೆ. ಸ್ಯಾಮ್ಸನ್ ಕೈಮುಗಿದು ಕೂತ. ಏನು ಚಪ್ಪಾಳೆ ಅಂತೀರಿ! ಚರ್ಚ್‌ನ ಸಭಾಪಾಲಕರೇ ಬಂದು ಭುಜ ತಟ್ಟಿದರು. ಅಲ್ಲೇ ನಿಂತು ಮೊಬೈಲಿನಲ್ಲಿ ದುಡ್ಡು ಕಳಿಸಿದೆ, ಉಳಿತಾಯದ ಕವರಿನ ದುಡ್ಡು ಹಾಕಿಡುವ ಖಾತೆಯಿಂದ. ರೂಲು ನೆನಪಿಗೇ ಬರಲಿಲ್ಲ.

ಮನೆಗೆ ತಂದು ಅಡುಗೆಕಟ್ಟೆಯ ಮೇಲಿಟ್ಟೆ. ಗ್ರೇಸಿ ಹರಾಜು ನೋಡಿರಲಿಲ್ಲ, ಹಬ್ಬದೂಟ ಬಡಿಸುವ ಕಡೆ ಇದ್ದಳು. ಕಾಯಿ ನೋಡಿ ಏನೋ ಹೇಳಲು ಬಾಯಿ ತೆರೆದಳು. ಬೆಲೆ ಕೇಳಿ ಮುಚ್ಚಿದವಳು ಆಮೇಲೆ ಮಾತೇ ಆಡಲಿಲ್ಲ. ದುಡ್ಡಿನ ಸಿಟ್ಟು ಅಂದುಕೊಂಡೆ.

ಸೋಮವಾರ ಗೌರಮ್ಮ ಅಡುಗೆಮನೆಗೆ ಬಂದವರು ಕುಂಬಳಕಾಯಿ ನೋಡಿ ಅಲ್ಲೇ ನಿಂತರು. ಗೆರೆಗಳ ಮೇಲೆ ಬೆರಳಾಡಿಸಿ ಗ್ರೇಸಿಯನ್ನು ಕೇಳಿದರು.

"ಅಕ್ಕ, ಇದು ನಮ್ಮನೆ ತಗಡಿನ ಶೀಟ್ ಮೇಲೆ ಬಿಟ್ಟಿದ್ದ ಕಾಯಿ ಅಲ್ವಾ? ಯಾಕೆ ವಾಪಸ್ ಬಂತು? ನಾವು ನಿಮ್ಮೋರಲ್ಲ ಅಂತ ಚರ್ಚಲ್ಲಿ ಬೇಡ ಅಂದ್ರಾ?"

ಗ್ರೇಸಿ ಆಗ ಬಾಯಿ ಬಿಟ್ಟಳು. ಶನಿವಾರ ನಾನು ಸ್ನಾನಕ್ಕೆ ಹೋದ ಮೇಲೆ ಗೌರಮ್ಮ ಚೀಲದಿಂದ ಈ ಕಾಯಿ ತೆಗೆದು ಅವಳ ಕೈಗಿಟ್ಟಿದ್ದರಂತೆ. ಬಳ್ಳಿಯಲ್ಲಿ ಬಿಟ್ಟ ಮೊದಲನೆಯದು, ನಿಮ್ಮ ದೇವರಿಗೂ ಇರಲಿ ಅಂತ. ನನ್ನಿಂದ ಇಲ್ಲ ಅನ್ನಿಸಿಕೊಂಡು ಐದು ನಿಮಿಷ ಆಗಿರಲಿಲ್ಲ ಆಗ.

"ಬೇಡ ಅಂದಿಲ್ಲ ಗೌರಮ್ಮ. ಹರಾಜಲ್ಲಿ ನಾನೇ ತಗೊಂಡೆ," ಅಂದೆ.

ಅವರ ಮುಖ ಅರಳಿತು. "ಹೌದಾ ಸಾರ್? ಎಷ್ಟಕ್ಕೆ?"

ನಲವತ್ತು ರೂಪಾಯಿ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಗ್ರೇಸಿ ನನ್ನನ್ನೇ ನೋಡುತ್ತಿದ್ದಳು. "ಎಂಟು ಸಾವಿರ," ಅಂದೆ.

ಗೌರಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. "ಶನಿವಾರಾನೇ ಕೇಳಿದ್ರೆ ನಾನು ನಾಲ್ಕಕ್ಕೇ ಕೊಡ್ತಿದ್ನಲ್ಲ ಸಾರ್," ಅಂದು ನಕ್ಕುಬಿಟ್ಟರು.

ಆಗ ಕಂಡಿತು. ಕಿವಿಯಲ್ಲಿ ಓಲೆ ಇರಲಿಲ್ಲ. ತೂತು ಮುಚ್ಚದಿರಲಿ ಅಂತ ಎರಡು ಪೊರಕೆಕಡ್ಡಿ ಸಿಕ್ಕಿಸಿಕೊಂಡಿದ್ದರು. ಓಲೆ ಅಡವಿಟ್ಟು, ಬೆಳಿಗ್ಗೆಯೇ ಮಗಳ ಕೈಗೆ ಫೀಸು ಕೊಟ್ಟು ಕಳಿಸಿ ಬಂದಿದ್ದರು. ನಾನು ಓಡಿಹೋಗಿ ಸಿಕ್ಕಿದ ಕವರ್ ತಂದೆ, ಓಲೆ ಬಿಡಿಸಿಕೊಳ್ಳಿ ಅಂತ.

"ಬೇಡಿ ಸಾರ್. ಪ್ಲ್ಯಾನಿಂಗ್ ಮಾಡ್ಕೊಂಡಿದೀನಿ," ಅಂದರು. ಆಮೇಲೆ ಗ್ರೇಸಿ ಕಡೆ ತಿರುಗಿ, "ಅಕ್ಕ, ಇದನ್ನ ಹೆಚ್ಚಲಾ?"

ಮಧ್ಯಾಹ್ನ ಪಲ್ಯ ತಟ್ಟೆಗೆ ಬಂತು. ಚರ್ಚ್‌ಗೆ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಕವರುಗಳದ್ದೂ ತಪ್ಪಿಲ್ಲ. ಗೌರಮ್ಮನ ಮುಂದೆ ಕಲ್ಲಿನಂತಿದ್ದ ರೂಲು ಸ್ಯಾಮ್ಸನ್ ಮುಂದೆ ಬೆಣ್ಣೆಯಾಯಿತಲ್ಲ, ನಾಚಿಕೆ ಅದಕ್ಕೆ. ನಾಲ್ಕು ವರ್ಷದಿಂದ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ, ನನ್ನ ಬಗ್ಗೆ ಇಷ್ಟೂ ಗೊತ್ತಿರಲಿಲ್ಲ.

ಶನಿವಾರ ನಮ್ಮ ಮನೆಯಲ್ಲಿ ಚಪ್ಪಾಳೆ ತಟ್ಟಲು ನಾಲ್ಕು ಜನ ಇದ್ದಿದ್ದರೆ, ಆ ನಾಲ್ಕು ಸಾವಿರ ಕೊಡದೆ ಇರುತ್ತಿದ್ದೆನೇ?