ಮಧ್ಯಾಹ್ನದ ನೆರಳು ಬಲ್ಲವಳು

ನನ್ನ ವಾರಗಿತ್ತಿಯ ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದ ಹಾಗೆ ಸೀಳುಬಿಟ್ಟಿದ್ದವು. ಬೆಟ್ಟದ ಮೇಲೆ ಬೀಡು ಬಿಡಲು ಜಾಗ ನೋಡುವಾಗ ಅವಳು ಚಪ್ಪಲಿ ಕಳಚಿ, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ತಿರುಗಿಸುವಳು. ಆಮೇಲೆ ಸೆರಗಿನ ತುದಿ ಬಿಟ್ಟು ಗಾಳಿ ಎತ್ತ ಎಳೆಯುತ್ತದೆಂದು ನೋಡುವಳು. ಕೊನೆಗೆ ‘ಹೂಂ, ಇಲ್ಲೇ’ ಎನ್ನುವಳು. ಆ ‘ಹೂಂ’ಗೆ ಇಡೀ ಮನೆಯ ತಲೆಹೊರೆಗಳು ಕೆಳಗಿಳಿಯುತ್ತಿದ್ದವು. ನನ್ನದು ಮಾತ್ರ ಒಂದು ಗಳಿಗೆ ತಡವಾಗಿ.

ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮನೆಗೆ ಅವಳು ದೊಡ್ಡಸೊಸೆ, ಸಿರಾ ಕಡೆಯವಳು. ನಾನು ಚಿಕ್ಕಸೊಸೆ, ಪಾವಗಡದಾಚೆ ನಾಗಲಮಡಿಕೆ ಕಡೆಯಿಂದ ಬಂದವಳು. ನಮ್ಮನ್ನು ಕೊಟ್ಟ ಊರು ಮಧುಗಿರಿಗೂ ಕೊರಟಗೆರೆಗೂ ನಡುವೆ, ಬೆಟ್ಟದ ಬುಡದಲ್ಲಿ. ಅಲ್ಲಿ ಬೇಸಿಗೆಗೊಮ್ಮೆ ಹೊರಬೀಡು. ತಮಟೆಯವನು ಸಾರಿದ ಮರುದಿನ ಬೆಳಕು ಹರಿಯುವ ಹೊತ್ತಿಗೆ ಊರಿನಲ್ಲಿ ಒಂದು ಒಲೆಯೂ ಉರಿಯಬಾರದು, ಒಂದು ಜೀವವೂ ಉಳಿಯಬಾರದು. ಬಾಣಂತಿ, ದನಕರು, ಕೋಳಿ, ಕೋಲೂರುವ ಮುದುಕರು ಎಲ್ಲ ಬೆಟ್ಟದ ಮೇಲೆ. ಒಂದೊಂದು ಮನೆಯವರು ಒಂದೊಂದು ಜಾಗ ಹಿಡಿದು ಮೂರು ಕಲ್ಲು ಹೂಡಿದರೆ ಅಲ್ಲೇ ಅಡುಗೆ, ಅಲ್ಲೇ ಊಟ. ಹೊತ್ತು ಮುಳುಗುವಾಗ ಇಳಿಯುವುದು. ಹೂಡಿದ ಒಲೆಗೆ ಬೆಂಕಿ ಬಿದ್ದ ಮೇಲೆ ಅದನ್ನು ಕದಲಿಸುವಂತಿಲ್ಲ, ಕಾಯಲು ಮನೆಯ ಇನ್ನೊಬ್ಬರನ್ನು ಕೂರಿಸದೆ ಒಡತಿ ಅದನ್ನು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಜಾಗ ನೋಡುವುದು ಹುಡುಗಾಟದ ಕೆಲಸವಲ್ಲ.

ಅಕ್ಕ ನೋಡಿದ ಜಾಗದಲ್ಲಿ ಹೊಗೆ ಕಣ್ಣಿಗೆ ಬರುತ್ತಿರಲಿಲ್ಲ, ಇರುವೆ ಇರುತ್ತಿರಲಿಲ್ಲ. ಉಂಡಾದ ಮೇಲೆ ಬೇರೆ ಮನೆಯ ಹೆಂಗಸರೂ ಅಡ್ಡಾಗಲು ನಮ್ಮಲ್ಲಿಗೇ ಬರುತ್ತಿದ್ದರು. ಬಂದವರೆಲ್ಲ ಅವಳನ್ನು ಹೊಗಳುತ್ತಿದ್ದರು. ಬೆಳಗಿನಿಂದ ಒಲೆ ಊದಿದವಳು ನಾನು. ಒಂದು ವರ್ಷ ಮೆಲ್ಲಗೆ, ಆ ಕಡೆ ಹೂಡಿದರೆ ಹೇಗೆ ಎಂದೆ. ಅತ್ತೆ ನಕ್ಕುಬಿಟ್ಟರು.

‘ಪಾವಗಡದ ಸೀಮೆಯೋಳು, ನೆರಳು ಅಂದ್ರೆ ಏನಂತ ಕಂಡವ್ಳೆ ಬುಡು.’

ನಾನು ತೆಲುಗಿನಲ್ಲಿ ಏನೋ ಗೊಣಗಿದೆ. ಅತ್ತೆಗೆ ತಿಳಿಯಲಿಲ್ಲ, ಅಕ್ಕನಿಗೆ ತಿಳಿದು ಕಿಸಕ್ಕೆಂದಳು. ಅವತ್ತು ಹಿಟ್ಟಿನ ಗಡಿಗೆಯ ತಳ ಹಿಡಿದು ಗರಿಯಾದ ಸೀಕನ್ನು ಕೆರೆದು, ಮಕ್ಕಳು ಕೈಚಾಚಿದರೂ ಕೊಡದೆ, ನನ್ನ ಕೈಗೆ ಹಾಕಿದಳು. ನನಗೆ ಸೀಕೆಂದರೆ ಪ್ರಾಣ. ಅದೂ ಅವಳಿಗೆ ಗೊತ್ತಿದೆಯಲ್ಲ ಎಂದು ಇನ್ನಷ್ಟು ಉರಿಯಿತು.

ಎಪ್ಪತ್ತರ ದಶಕದ ಕೊನೆಗೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವೇನಿಲ್ಲ, ಒಲೆ ಎರಡಾಯಿತು, ಅಷ್ಟೆ. ಅತ್ತೆ ಎರಡೂ ಮನೆಯಲ್ಲಿ ಉಣ್ಣುತ್ತಿದ್ದರು. ಆದರೆ ಹೊರಬೀಡಿನ ದಿನ ಅವರ ಕಂಬಳಿ ಒಂದೇ ಕಡೆ ಹಾಸಬೇಕು, ಅದನ್ನು ಊರೆಲ್ಲ ನೋಡುತ್ತದೆ. ಆ ಕಂಬಳಿ ನನ್ನ ಒಲೆಯ ಪಕ್ಕ ಬೀಳಬೇಕೆಂದು ತಿಂಗಳ ಮೊದಲೇ ಹಟ ಹಿಡಿದಿದ್ದೆ.

ಎಲ್ಲರಿಗಿಂತ ಮುಂಚೆ ಬೆಟ್ಟ ಹತ್ತಿದೆ. ಮೇಲೆ ಆನೆ ಮಲಗಿದಂಥ ದೊಡ್ಡ ಬಂಡೆ. ಅದರ ಪಡುವಣ ಮಗ್ಗುಲಲ್ಲಿ ನೆರಳೋ ನೆರಳು, ಕಲ್ಲು ಮುಟ್ಟಿದರೆ ಮಡಕೆಯ ನೀರಿನಷ್ಟು ತಂಪು. ಮೂರು ಕಲ್ಲು ಹೂಡಿ ಬೆಂಕಿ ಹಾಕಿದೆ. ಅಕ್ಕ ನಿಧಾನವಾಗಿ ಬಂದಳು. ನನ್ನ ಒಲೆಯನ್ನೂ ಆಕಾಶವನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದಳು. ಬೆಂಕಿ ಹತ್ತಿದ್ದು ಕಂಡು, ಬಂಡೆಯ ಆಚೆ ಮಗ್ಗುಲಿಗೆ ಹೋಗಿ ಮೂಡಲ ಬಿಸಿಲಿಗೆ ಮುಖಕೊಟ್ಟು ತನ್ನ ಕಲ್ಲು ಹೂಡಿದಳು. ಅತ್ತೆ ಎರಡೂ ಕಡೆ ನೋಡಿ, ಕಂಬಳಿಯನ್ನು ನನ್ನ ಕಡೆ ಹಾಸಿದರು. ಆ ಬೆಳಿಗ್ಗೆ ನಾನು ಹುರುಳಿ ಸಾರಿಗೆ ಒಗ್ಗರಣೆ ಕೊಟ್ಟದ್ದು ಬೆಟ್ಟಕ್ಕೆಲ್ಲ ಕೇಳಿರಬೇಕು.

ಹೊತ್ತು ನೆತ್ತಿ ದಾಟಿತು. ಬಿಸಿಲು ಬಂಡೆ ಹತ್ತಿ ನನ್ನ ಮಗ್ಗುಲಿಗೆ ಇಳಿಯಿತು. ನೋಡುನೋಡುತ್ತ ಕಲ್ಲು ರೊಟ್ಟಿಯ ಹೆಂಚಾಯಿತು. ಮೊದಲು ಮಕ್ಕಳು ಎದ್ದು ಆಚೆಗೆ ಹೋದರು. ಅತ್ತೆ ಕಂಬಳಿ ಕೊಡವಿ, ಮಂಡಿನೋವಿಗೆ ಈ ಬಿಸಿ ಆಗದು ಎಂದು ಅವರೂ ಹೋದರು. ನನ್ನ ಗಂಡ ನೀರು ಕುಡಿದು ಬರುತ್ತೇನೆಂದು ಹೋದವರು ಬರಲೇ ಇಲ್ಲ. ಆಚೆಯಿಂದ ನಗು ಕೇಳುತ್ತಿತ್ತು. ನಾನು ತಲೆಗೆ ಸೆರಗು ಹೊದ್ದು ನನ್ನ ಒಲೆ ಕಾಯುತ್ತ ಕೂತೆ.

ಆಗ ಅಕ್ಕ ಬಂದಳು. ತನ್ನ ಒಲೆಗೆ ಮಗಳನ್ನು ಕೂರಿಸಿ ಹಳೆಯ ಸೀರೆಯೊಂದನ್ನು ತಂದಿದ್ದಳು. ಒಂದು ತುದಿಯನ್ನು ಬಂಡೆಯ ಸಂದಿಗೆ ತುರುಕಿ, ಇನ್ನೊಂದನ್ನು ಜಾಲಿಗಿಡಕ್ಕೆ ಕಟ್ಟಿ, ನನ್ನ ಪಕ್ಕ ಕೂತಳು.

‘ಹೋಗಕ್ಕಾ, ನಿನ್ ನೆರಳ್ಗೆ ಹೋಗು.’

‘ಬಾಯ್ಮುಚ್ಚೆ. ರಾತ್ರಿ ಮಕ್ಳಿಗೆ ಹೇಳ್ತೀಯಲ್ಲ, ಅಂಥಾದ್ದೊಂದು ಕತೆ ಹೇಳು ಜಲ್ದಿ.’

ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮಜ್ಜಿಯ ಕತೆ ತೆಗೆದೆ. ಮಾವನ ಮನೆಯಲ್ಲಿ ಹಪ್ಪಳ ಕದ್ದು, ಅಗಿದರೆ ಸದ್ದಾಗುತ್ತದೆಂದು ಬಾಯಲ್ಲೇ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದ ಅಳಿಯನ ಕತೆ. ಅರ್ಧ ತೆಲುಗು, ಅರ್ಧ ಕನ್ನಡ. ಅಳಿಯ ತಲೆಯಾಡಿಸಿ ಎರಡು ಎಮ್ಮೆ ಕಳೆದುಕೊಳ್ಳುವಷ್ಟರಲ್ಲಿ ಮಕ್ಕಳು ಬಂಡೆ ಸುತ್ತಿ ಬಂದರು. ಹಿಂದೆ ಹೆಂಗಸರು. ಕೊನೆಗೆ ಅತ್ತೆ ಕಂಬಳಿಯನ್ನು ತಲೆಗೆ ಹೊದ್ದು ಬಂದು ಬಿಸಿಲಿನಲ್ಲೇ ಕುಕ್ಕರಿಸಿದರು.

ಎಲ್ಲರೂ ನಗುವಾಗ ಅಕ್ಕ ನನ್ನ ಕಿವಿಯ ಹತ್ತಿರ ಹೇಳಿದಳು. ‘ನೆರಳು ಯಾರಾದ್ರೂ ಹುಡುಕ್ತಾರೆ ಕಣೆ. ಜನುನ್ನ ಬಿಸಿಲಾಗೆ ಕೂರ್ಸೋದು ನಂಗೆ ಏಳು ಜನ್ಮಕ್ಕೂ ಬರಾಕಿಲ್ಲ. ನೀನು ಬಾಯ್ ತೆಗುದ್ರೆ ನಂಗೆ ಹೊಟ್ಟೆ ಉರೀತೈತೆ.’

ಅವಳಿಗೂ ಉರಿಯುತ್ತದೆಂದು ಕೇಳಿ ನನಗಾದ ಸಂತೋಷ ದೇವರಿಗೇ ಗೊತ್ತು. ಆದರೂ ನನ್ನದು ಆರಲಿಲ್ಲ. ಮರುವರ್ಷ ಅವಳು ಹಿಮ್ಮಡಿ ಒತ್ತಿದ ಕಡೆ ನೆಟ್ಟಗೆ ಹೋಗಿ ಪಕ್ಕದಲ್ಲೇ ಕಲ್ಲು ಹೂಡಿದೆ, ಮೂತಿ ತಿರುವಿಕೊಂಡೇ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು. ಒಂದು ಮಧ್ಯಾಹ್ನ ನನ್ನ ಭುಜ ಹಿಡಿದು, ಎರಡೂ ಪಾಲಿನ ಹೊಲಗಳ ನಡುವಿನ ಬದುವಿಗೆ ನಡೆದು ಬಂದಳು. ಅಲ್ಲೊಂದು ಹೊಂಗೆಮರ. ಅವಳು ಚಪ್ಪಲಿ ಕಳಚಿದಳು. ಹಿಮ್ಮಡಿ ಒತ್ತಿದಳು. ಸೆರಗು ಬಿಟ್ಟಳು.

‘ಹೂಂ, ಇಲ್ಲೇ. ಮರದ ಕಡೆ ನಿಂಗಿರ್ಲಿ. ಅಲ್ಲೂ ಕತೆ ಹೇಳೋರು ಬೇಕಲ್ಲ.’

‘ಅದುಕ್ಕೂ ಜಾಗ ನೀನೇ ಹಿಡೀಬೇಕೇನಕ್ಕಾ’ ಎಂದು ಬೈದೆ. ನಗಲು ಹೋಗಿ ಕೆಮ್ಮಿದಳು.

ಹೇಳಿದ ಕಡೆಯೇ ಅವಳನ್ನು ಮಣ್ಣು ಮಾಡಿದರು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಎಲ್ಲರೂ ಮನೆಗೆ ಹೋದ ಮೇಲೂ ನಾನು ಕೂತೇ ಇದ್ದೆ. ಎರಡರಲ್ಲಿ ಒಳ್ಳೆಯ ಜಾಗ ಯಾವುದೆಂದು ನೋಡಬೇಕಿತ್ತು, ಹಳೆಯ ಚಾಳಿ. ಹೊತ್ತು ಪಡುವಣಕ್ಕೆ ವಾಲಿತು. ಹೊಂಗೆಯ ನೆರಳು ಮೆಲ್ಲಗೆ ಹರಿದು ಬಂದು ಮೊದಲು ನನಗೆಂದು ಬಿಟ್ಟ ಜಾಗವನ್ನು ತುಂಬಿತು. ಅವಳ ಮಣ್ಣು ಇನ್ನೂ ಬಿಸಿಲಿನಲ್ಲೇ ಇತ್ತು.